ಇಂಫಾಲದ ಹರಿಕೇನ್: ಕಿಟ್ ಜೋಡಣೆಯಿಂದ ವೆದರಿಂಗ್‌ವರೆಗೆ

ಹಾಕರ್ ಹರಿಕೇನ್ ಯುದ್ಧವಿಮಾನದ ಮೂಗಿನಿಂದ ಕಾಕ್‌ಪಿಟ್‌ವರೆಗೆ ಹೊದಿಕೆ ಲೋಹದ ತಗಡು. ಅಲ್ಲಿಂದ ಹಿಂದಕ್ಕೆ ಲೋಹದ ಕೊಳವೆಗಳ ಚೌಕಟ್ಟು, ಅದರ ಮೇಲೆ ಉದ್ದುದ್ದ ಮರದ ಪಟ್ಟಿಗಳು, ಪಟ್ಟಿಗಳ ಮೇಲೆ ಬಿಗಿದು ಡೋಪ್ (ಬಟ್ಟೆಯನ್ನು ಬಿಗಿ ಮಾಡುವ ವಾರ್ನಿಷ್) ಬಳಿದ ಬಟ್ಟೆ. ರೆಕ್ಕೆ, ಬಾಲಗಳ ಹಿಂದೆ ಆಡುವ ಐಲೆರಾನ್, ರಡ್ಡರ್, ಎಲಿವೇಟರ್‌ಗಳೂ ಬಟ್ಟೆಯವೇ. ಇಷ್ಟು ತಿಳಿದಿದ್ದರೆ ವೆದರಿಂಗ್‌ನಲ್ಲಿ, ಅಂದರೆ ಮಾದರಿ ವಿಮಾನಕ್ಕೆ ಸವೆತ, ಕೊಳೆ, ಬಿಸಿಲಿನ ಕಲೆ ಹಾಕುವ ಕೆಲಸದಲ್ಲಿ, ಸಾಮಾನ್ಯವಾಗಿ ಕಾಣುವ ದೊಡ್ಡ ತಪ್ಪು ತಪ್ಪುತ್ತದೆ. ಬಟ್ಟೆ ಎಷ್ಟೇ ಸವೆದರೂ ಬೆಳ್ಳಿ ಬಣ್ಣದ ಗೀರು ಬೀಳುವುದಿಲ್ಲ. ಆದರೂ ಬಾಲದ ತುಂಬ ಅಲ್ಯೂಮಿನಿಯಂ ಚುಕ್ಕೆ ಹಾಕಿದ ಹರಿಕೇನ್‌ಗಳು ಪ್ರದರ್ಶನಗಳಲ್ಲಿ ಈಗಲೂ ಸಿಗುತ್ತವೆ.

ಇಲ್ಲಿ ಕಟ್ಟುವುದು 1944ರಲ್ಲಿ ಇಂಫಾಲದಿಂದ ಹಾರುತ್ತಿದ್ದ ಭಾರತೀಯ ವಾಯುಪಡೆಯ ನಂ. 1 ಸ್ಕ್ವಾಡ್ರನ್ನಿನ ಹರಿಕೇನ್‌ನ ಪ್ಲಾಸ್ಟಿಕ್ ಮಾದರಿ. ಅರ್ಜನ್ ಸಿಂಗ್ ಆಗ ಅದರ ಮುಖ್ಯಸ್ಥರು. ಜಪಾನಿ ಸೇನೆ ಇಂಫಾಲವನ್ನು ಸುತ್ತುವರಿದಿದ್ದಾಗಲೂ ಈ ತಂಡ ಅಲ್ಲೇ ಇದ್ದು ಟೋಹಿ (ಶತ್ರುವಿನ ಚಲನವಲನ ಪತ್ತೆಹಚ್ಚುವ) ಹಾರಾಟ ನಡೆಸಿತು. ಹಳ್ಳಿಗಾಡಿನ ರನ್‌ವೇ, ಬಿಸಿಲು, ದೂಳು, ಆಮೇಲೆ ಮಳೆಗಾಲದ ಕೆಸರು ಎಲ್ಲವೂ ಒಂದೇ ವಿಮಾನದ ಮೇಲೆ ಬಿದ್ದವು. ವೆದರಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ.

ಕಿಟ್ ಮತ್ತು ಫೋಟೊ

ಹರಿಕೇನ್ ರೆಕ್ಕೆಯ ಅಗಲ 12.19 ಮೀಟರ್. 1/72 ಅಳತೆಯಲ್ಲಿ ಅದು 169 ಮಿ.ಮೀ., 1/48ರಲ್ಲಿ 254 ಮಿ.ಮೀ. ಮೊದಲ ಸಲ ಏರ್‌ಬ್ರಷ್ (ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಹಿಡಿಯುವವರಿಗೆ 1/48 ಸುಲಭ. ಜಾಗ, ಹಣ ಎರಡನ್ನೂ ಉಳಿಸಬೇಕೆಂದರೆ 1/72. ಕೆಳಗಿನ ಅಳತೆಗಳೆಲ್ಲ 1/72ಕ್ಕೆ ಸಂಬಂಧಿಸಿದವು. ಈ ಅಳತೆಯಲ್ಲಿ ಆರ್ಮಾ ಹಾಬಿಯ ಮಾರ್ಕ್ 2ಸಿ ಕಿಟ್ ಚೆನ್ನಾಗಿ ಕೂರುತ್ತದೆ. ಹಸೆಗಾವಾದ ಹಳೆಯ ಕಿಟ್ ಸಿಕ್ಕರೂ ಬಿಡಬೇಕಿಲ್ಲ. ಮಾರ್ಕ್ 1 ಕಿಟ್ ಮಾತ್ರ ಕೊಳ್ಳಬೇಡಿ. ಅದರ ಮೂಗು ಗಿಡ್ಡ, ರೆಕ್ಕೆಯಲ್ಲಿ ಇರುವುದು ಎಂಟು ಮಷಿನ್‌ಗನ್. 2ಸಿಗೆ ನಾಲ್ಕು 20 ಮಿ.ಮೀ. ಕ್ಯಾನನ್. ಟೋಹಿಗೆ ಬಳಸಿದ ಕೆಲವು ವಿಮಾನಗಳಲ್ಲಿ ತೂಕ ಇಳಿಸಲು ಎರಡನ್ನು ಕಳಚಿದ್ದರು. ಹಾಗಾಗಿ ನೀವು ಆರಿಸಿಕೊಂಡ ವಿಮಾನದ ಫೋಟೊದಲ್ಲಿ ಎಷ್ಟು ನಳಿಗೆಗಳಿವೆ ಎಂದು ಎಣಿಸಿದ ಮೇಲೆಯೇ ಅಂಟು ಮುಟ್ಟಿ. ಮೂಗಿನ ಕೆಳಗೆ ದೂಳು ತಡೆಯುವ ವೋಕ್ಸ್ ಫಿಲ್ಟರಿನ ಗದ್ದ ಇದೆಯೇ ಎಂಬುದನ್ನೂ ಅದೇ ಫೋಟೊದಲ್ಲಿ ನೋಡಿ.

ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿ ಹರಿಕೇನ್ ಒಂದಿದೆ. ಆಕಾರ, ಕೀಲು, ಚಕ್ರದ ಕಾಲು ಇವನ್ನು ನೋಡಿ ಕಲಿಯಲು ಅದು ಒಳ್ಳೆಯದು. ಬಣ್ಣಕ್ಕೆ ಮಾತ್ರ ಯಾವ ಸಂಗ್ರಹಾಲಯದ ವಿಮಾನವನ್ನೂ ನಂಬಬೇಡಿ, ಅವುಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ.

ಸಾಮಾನು

ನಿಪ್ಪರ್, ಹನ್ನೊಂದನೇ ನಂಬರಿನ ಬ್ಲೇಡ್ ಇರುವ ಹಾಬಿ ಚಾಕು, ಚೂಪು ಚಿಮಟ, 400, 600, 1000, 2000 ನಂಬರಿನ ವಾಟರ್ ಪೇಪರ್ (ಹಾರ್ಡ್‌ವೇರ್ ಅಂಗಡಿಯದೇ ಸಾಕು), ತಮಿಯಾ ಎಕ್ಸ್‌ಟ್ರಾ ಥಿನ್ ಅಂಟು, ಫೆವಿಕ್ವಿಕ್, ಫೆವಿಕಾಲ್, 6 ಮಿ.ಮೀ. ಮಾಸ್ಕಿಂಗ್ ಟೇಪ್, ಬ್ಲೂ ಟ್ಯಾಕ್ (ಕಣಕದಂಥ ಮೆತ್ತನೆಯ ಅಂಟು). ಏರ್‌ಬ್ರಷ್‌ಗೆ 0.3 ಮಿ.ಮೀ. ನಾಜಲ್. ಕಂಪ್ರೆಸರಿಗೆ ಟ್ಯಾಂಕ್ ಇರಲಿ, ನೀರು ಹಿಡಿಯುವ ಟ್ರ್ಯಾಪ್ ಅಂತೂ ಇರಲೇಬೇಕು. ಮಂಗಳೂರು, ಕಾರವಾರದ ಕಡೆ ಜುಲೈನಲ್ಲಿ ಟ್ರ್ಯಾಪ್ ಇಲ್ಲದೆ ಬಣ್ಣ ಹೊಡೆದರೆ ಬಣ್ಣದ ಜೊತೆ ನೀರಹನಿಯೂ ಉಗುಳುತ್ತದೆ.

ತೆಳುಗೊಳಿಸುವ ದ್ರವಗಳ ವಿಷಯದಲ್ಲಿ ಮೂರು ಎಚ್ಚರಿಕೆ. ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಏರ್‌ಬ್ರಷ್ ತೊಳೆಯಲು ಅಗ್ಗ, ಆದರೆ ಪ್ಲಾಸ್ಟಿಕ್ಕಿಗೆ ತಾಗಿದರೆ ಕರಗಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಮಿಯಾ ಅಕ್ರಿಲಿಕ್‌ಗೂ ಮಿಸ್ಟರ್ ಹಾಬಿಯ ಅಕ್ವಿಯಸ್ ಬಣ್ಣಕ್ಕೂ ಹೊಂದುತ್ತದೆ. ಅದನ್ನೇ ವಲ್ಲೆಹೊ ಬಣ್ಣಕ್ಕೆ ಸುರಿದರೆ ಬಣ್ಣ ರಬ್ಬರಿನಂತೆ ಗಂಟುಕಟ್ಟಿ ನಾಜಲ್ ಮುಚ್ಚುತ್ತದೆ. ಇನ್ನು ಲ್ಯಾಕರ್ (ಘಾಟು ದ್ರಾವಕದ ಬಣ್ಣ) ಹೊಡೆಯುವಾಗ ಕಿಟಕಿ ತೆರೆದಿದ್ದರೆ ಸಾಲದು, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಬಟ್ಟೆಯ ಮಾಸ್ಕ್ ಇದಕ್ಕೆ ಉಪಯೋಗವಿಲ್ಲ.

ಕಾಕ್‌ಪಿಟ್

ಸ್ಪ್ರೂಗಳನ್ನು (ಕಿಟ್‌ನ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಆಮೇಲೆ ಮಾಸ್ಕಿಂಗ್ ಟೇಪ್ ಕಿತ್ತಾಗ ಬಣ್ಣವೂ ಜೊತೆಯಲ್ಲೇ ಎದ್ದು ಬರುತ್ತದೆ.

ಹರಿಕೇನ್ ಕಾಕ್‌ಪಿಟ್‌ಗೆ ನೆಲವಿಲ್ಲ. ಪೈಲಟ್ ಕಾಲಿಡಲು ಎರಡು ಉದ್ದ ತಗಡಿನ ದೋಣಿಗಳು ಮಾತ್ರ. ಅದರ ಕೆಳಗೆ ಕಾಣುವುದು ಚೌಕಟ್ಟಿನ ಕೊಳವೆಗಳು ಮತ್ತು ಹೊಟ್ಟೆಯ ಒಳಮೈ. ಆ ಕೊಳವೆಗಳಿಗೆ ಅಲ್ಯೂಮಿನಿಯಂ ಬಣ್ಣ, ಮೇಲಿನ ಪಕ್ಕಗೋಡೆಗೆ ಬ್ರಿಟಿಷ್ ಕಾಕ್‌ಪಿಟ್ ಹಸಿರು (ಹಂಬ್ರಾಲ್ 78). ಎಲ್ಲವನ್ನೂ ಹಸಿರು ಮಾಡಿದರೆ ಅದು ಸ್ಪಿಟ್‌ಫೈರ್ ಒಳಾಂಗಣದ ಹಾಗೆ ಕಾಣುತ್ತದೆ. ಕಪ್ಪು ಸಲಕರಣೆ ಫಲಕಕ್ಕೆ ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಮುದ್ರಿತ ಚಿತ್ರ) ಅಂಟಿಸಿ, ಪ್ರತಿ ಗಡಿಯಾರದ ಮೇಲೆ ಸೂಜಿತುದಿಯಿಂದ ಹೊಳಪಿನ (ಗ್ಲಾಸ್) ವಾರ್ನಿಷ್‌ನ ಒಂದೊಂದು ಹನಿ. 1/72ರಲ್ಲಿ ಕ್ಯಾನೊಪಿ (ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ) ಮುಚ್ಚಿದ ಮೇಲೆ ಕಣ್ಣಿಗೆ ಬೀಳುವುದು ಸೀಟು ಮತ್ತು ಬೆಲ್ಟ್ ಮಾತ್ರ. ಶ್ರಮ ಅಲ್ಲಿಗೆ ಮೀಸಲಿಡಿ.

ಜೋಡಣೆ

ಒಡಲಿನ ಎರಡು ಭಾಗಗಳನ್ನು ಒತ್ತಿ ಹಿಡಿದು, ಸಂದಿಗೆ ತೆಳು ಅಂಟಿನ ಬ್ರಷ್ ತುದಿ ಮುಟ್ಟಿಸಿ. ಅಂಟು ತಾನೇ ಹರಿದು ಒಳಹೋಗುತ್ತದೆ. ಮೆಲ್ಲಗೆ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಮೇಲೆ ಉಬ್ಬಬೇಕು, ಅದೇ ಮುಂದೆ ಸಂದು ತುಂಬುವ ಪುಟ್ಟಿ. 24 ಗಂಟೆ ಬಿಡಿ. ಅವಸರಪಟ್ಟು ಅದೇ ಸಂಜೆ ಉಜ್ಜಿದರೆ ಮೆತ್ತಗಿರುವ ಪ್ಲಾಸ್ಟಿಕ್ ಸಮತಟ್ಟಾದಂತೆ ಕಂಡು, ವಾರದ ನಂತರ ಒಣಗಿ ಕುಗ್ಗಿ, ಬಣ್ಣದ ಕೆಳಗಿನಿಂದ ಸಂದಿನ ಗೆರೆ ಮತ್ತೆ ಮೂಡುತ್ತದೆ. ಆಗ ಅದಕ್ಕೆ ಮದ್ದಿಲ್ಲ.

ಉಜ್ಜುವುದು 400ರಿಂದ ಶುರು, 1000ಕ್ಕೆ ನಿಲುಗಡೆ, ಯಾವಾಗಲೂ ಪೇಪರ್ ಒದ್ದೆ ಮಾಡಿ. ಒಡಲಿನ ಹಿಂಭಾಗದಲ್ಲಿ ಬಟ್ಟೆಯ ಕೆಳಗಿನ ಪಟ್ಟಿಗಳು ಸಣ್ಣ ಏಣುಗಳಾಗಿ ಅಚ್ಚಾಗಿರುತ್ತವೆ. ಎರಡು ಸಲ ಪೇಪರ್ ಆಡಿಸಿದರೆ ಅವು ಮಾಯ. ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ, ನಡುವಿನ 1 ಮಿ.ಮೀ. ಮಾತ್ರ ಉಜ್ಜಿ. ಹೊಟ್ಟೆಯ ಕಡೆ, ರೆಕ್ಕೆಯ ಹಿಂದಿನ ಅಂಚು ಒಡಲಿಗೆ ಸೇರುವಲ್ಲಿ, ಹೆಚ್ಚಿನ ಹರಿಕೇನ್ ಕಿಟ್‌ಗಳಲ್ಲಿ ಒಂದು ಮೆಟ್ಟಿಲು ಉಳಿಯುತ್ತದೆ. ಅಲ್ಲಿ ಪುಟ್ಟಿಗಿಂತ ಫೆವಿಕ್ವಿಕ್ ಒಳ್ಳೆಯದು, ಆದರೆ ಗಂಟೆಯೊಳಗೆ ಉಜ್ಜಿಬಿಡಿ. ರಾತ್ರಿ ಕಳೆದರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಅಕ್ಕಪಕ್ಕ ಮಾತ್ರ ಸವೆದು ಅದು ಗುಡ್ಡದಂತೆ ನಿಲ್ಲುತ್ತದೆ.

ರೆಕ್ಕೆಯ ವಾಲು ಹಲವರಿಗೆ ಕೈಕೊಡುವ ಜಾಗ. ಹರಿಕೇನ್ ರೆಕ್ಕೆಯ ನಡುಭಾಗ ಪೂರ್ತಿ ಸಮತಟ್ಟು. ಹೊರರೆಕ್ಕೆ ಶುರುವಾಗುವಲ್ಲಿಂದ ಮಾತ್ರ ಸುಮಾರು 3.5 ಡಿಗ್ರಿ ಮೇಲಕ್ಕೇರುತ್ತದೆ. ಬುಡದಿಂದಲೇ ಬಾಗಿಸಿ ಅಂಟಿಸಿದರೆ ಇಡೀ ವಿಮಾನದ ಚಹರೆಯೇ ಕೆಡುತ್ತದೆ. ಅಂಟು ಒಣಗುವವರೆಗೆ ಎರಡೂ ತುದಿಗಳ ಕೆಳಗೆ ಒಂದೇ ಎತ್ತರದ ಬೆಂಕಿಪೊಟ್ಟಣ ಇಟ್ಟು, ಎದುರಿನಿಂದ ಕಣ್ಣಮಟ್ಟದಲ್ಲಿ ನೋಡಿ. ಆಮೇಲೆ ಹಿಂದಿನಿಂದಲೂ ನೋಡಿ, ಬಾಲದ ರೆಕ್ಕೆ ಮುಖ್ಯ ರೆಕ್ಕೆಯ ನಡುಭಾಗಕ್ಕೆ ಸಮಾಂತರವಾಗಿರಬೇಕು.

ಕ್ಯಾನೊಪಿಯನ್ನು ಫೆವಿಕಾಲ್‌ನಿಂದ ಅಂಟಿಸಿ, ಬಣ್ಣಕ್ಕೆ ಮುಂಚೆ ಅದರ ಗಾಜಿನ ಭಾಗವನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಫೆವಿಕ್ವಿಕ್‌ನ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಮೈಯನ್ನು ಮಂಜು ಕವಿದ ಹಾಗೆ ಬಿಳಿಚಿಸುತ್ತದೆ, ಒಳಗೆ ಕೈ ಹೋಗದ ಕಾರಣ ಒರೆಸಲೂ ಆಗದು. ಚಕ್ರದ ಕಾಲು, ಪ್ರೊಪೆಲ್ಲರ್, ಕ್ಯಾನನ್ ನಳಿಗೆ ಈಗಲೇ ಬೇಡ.

ಪ್ರೈಮರ್ ಮತ್ತು ಬಣ್ಣ

ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಆಗಿ ಮಿಸ್ಟರ್ ಸರ್ಫೇಸರ್ 1200 ಅಥವಾ 1500, ಬೂದು; ಇದು ಲ್ಯಾಕರ್. ಅದರ ಮುಖ್ಯ ಕೆಲಸ ತಪ್ಪು ತೋರಿಸುವುದು. ಓರೆ ಬೆಳಕಿನಲ್ಲಿ ಸಂದುಗಳನ್ನು ನೋಡಿ, ತಿದ್ದಿ, ಮತ್ತೆ ಹೊಡೆಯಿರಿ. ಮಳೆಗಾಲದಲ್ಲಿ ಲ್ಯಾಕರ್ ಒಣಗುವಾಗ ಬಿಳಿ ಪೊರೆ ಕಟ್ಟಿದರೆ ಗಾಳಿಯ ತೇವ ಅದರಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಆ ದಿನ ಕೆಲಸ ನಿಲ್ಲಿಸಿ, ಇಲ್ಲವೇ ನಿಧಾನ ಒಣಗುವ ಲೆವೆಲಿಂಗ್ ಥಿನ್ನರ್ ಬಳಸಿ.

ಮೇಲ್ಮೈಗೆ ಡಾರ್ಕ್ ಅರ್ತ್ ಕಂದು ಮತ್ತು ಡಾರ್ಕ್ ಗ್ರೀನ್, ಕೆಳಮೈಗೆ ಮೀಡಿಯಂ ಸೀ ಗ್ರೇ. ಮಿಸ್ಟರ್ ಹಾಬಿಯಲ್ಲಿ ಎಚ್72, ಎಚ್73, ಎಚ್335. ಹಂಬ್ರಾಲ್‌ನಲ್ಲಿ 29, 30, 165. ಬಣ್ಣ ಒಂದಕ್ಕೆ ಥಿನ್ನರ್ ಒಂದರಿಂದ ಒಂದೂವರೆ ಪಾಲು, ಹಾಲಿನಷ್ಟು ತೆಳುವಾಗಿ ಬಟ್ಟಲಿನ ಗೋಡೆಯಿಂದ ಇಳಿಯಬೇಕು. ಒತ್ತಡ 12ರಿಂದ 15 ಪಿಎಸ್‌ಐ, ದೂರ 5–8 ಸೆಂ.ಮೀ. ಬಣ್ಣ ಜೇಡರಬಲೆಯಂತೆ ಎಳೆ ಬಿಟ್ಟರೆ ತುಂಬ ದಪ್ಪವಾಗಿದೆ. ಮೈಮೇಲೆ ಕೂತು ಕವಲೊಡೆದು ಓಡಿದರೆ ತೆಳು ಹೆಚ್ಚಾಗಿದೆ, ಇಲ್ಲವೇ ಒತ್ತಡ ಜಾಸ್ತಿ.

ಮೊದಲು ಬೂದು, ಆಮೇಲೆ ಕಂದು, ಕೊನೆಗೆ ಹಸಿರು. ಕಂದು ಬಣ್ಣ ಹೊಡೆದ ಮೇಲೆ ಅದಕ್ಕೇ ಒಂದೆರಡು ಹನಿ ಬಿಳಿ, ಒಂದು ಹನಿ ಮರಳುಬಣ್ಣ ಬೆರೆಸಿ ಪ್ಯಾನೆಲ್‌ಗಳ ನಡುವೆ ಅಂಕುಡೊಂಕಾಗಿ ಅಲ್ಲಲ್ಲಿ ಹೊಡೆಯಿರಿ. ಬಿಸಿಲಿಗೆ ಬಾಡಿದ ಬಣ್ಣಕ್ಕೆ ಇದೇ ಬುನಾದಿ. ಮೇಲ್ಮೈಗೆ ಮಾತ್ರ! ಹೊಟ್ಟೆಗೆ ಬಿಸಿಲು ಬೀಳುವುದಿಲ್ಲ, ಅದು ಬಾಡದು, ಕೊಳೆಯಾಗುತ್ತದೆ ಅಷ್ಟೆ.

ಹಸಿರಿನ ಅಂಚಿಗೆ ಬ್ಲೂ ಟ್ಯಾಕ್ ಅನ್ನು 2 ಮಿ.ಮೀ. ದಪ್ಪದ ಎಳೆಯಾಗಿ ಹೊಸೆದು ವಿನ್ಯಾಸದ ಗೆರೆಯುದ್ದಕ್ಕೂ ಇಡಿ, ಒಳಗಿನ ಜಾಗವನ್ನು ಟೇಪಿನಿಂದ ಮುಚ್ಚಿ. ನಿಜವಾದ ವಿಮಾನದಲ್ಲಿ ಅಂಚು 25 ಮಿ.ಮೀ. ಮಸುಕಾಗಿದ್ದರೂ 1/72ರಲ್ಲಿ ಅದು 0.35 ಮಿ.ಮೀ. ಮಾತ್ರ. ಆದ್ದರಿಂದ ಏರ್‌ಬ್ರಷ್ ಅನ್ನು ನೆಟ್ಟಗೆ ಹಿಡಿಯಿರಿ. ಓರೆ ಹಿಡಿದರೆ ಬಣ್ಣ ಎಳೆಯ ಕೆಳಗೆ ನುಗ್ಗಿ, ಕೈಯಳತೆಯಷ್ಟು ಅಗಲ ಮಸುಕಾದ ಅಂಚು ಬರುತ್ತದೆ.

ಗುರುತುಗಳು

ಡಿಕಾಲ್‌ಗೆ ಮುಂಚೆ ಎರಡು ತೆಳು ಕೋಟ್ ಗ್ಲಾಸ್ ವಾರ್ನಿಷ್. ಒರಟು ಮೈಮೇಲೆ ಅಂಟಿಸಿದರೆ ಡಿಕಾಲ್ ಕೆಳಗೆ ಗಾಳಿ ಉಳಿದು ಬೆಳ್ಳಿಯಂತೆ ಹೊಳೆಯುತ್ತದೆ.

ಪೆಟ್ಟಿಗೆಯಲ್ಲಿ ಬಂದ ರೌಂಡೆಲ್‌ನ (ವಾಯುಪಡೆಯ ದುಂಡು ಗುರುತು) ನಡುವೆ ಕೆಂಪು ಇದ್ದರೆ ಅದನ್ನು ಬಳಸುವಂತಿಲ್ಲ. ಜಪಾನಿ ವಿಮಾನಗಳ ಕೆಂಪು ಸೂರ್ಯನ ಜೊತೆ ಗೊಂದಲವಾಗಿ ತಮ್ಮವರೇ ತಮ್ಮವರಿಗೆ ಗುಂಡು ಹಾರಿಸಬಾರದೆಂದು ಬರ್ಮಾ ರಂಗದಲ್ಲಿ ಕೆಂಪನ್ನು ತೆಗೆದುಹಾಕಿದರು. 1944ರ ವಿಮಾನದ ಮೇಲೆ ಇರಬೇಕಾದದ್ದು ಕಡುನೀಲಿ ಸುತ್ತು, ತಿಳಿನೀಲಿ ನಡುವಿನ ಚಿಕ್ಕ ರೌಂಡೆಲ್. ಬಾಲದ ಪಟ್ಟಿಯೂ ಆ ಎರಡೇ ಬಣ್ಣದ್ದು. ರೆಕ್ಕೆ, ಬಾಲಗಳ ಸುತ್ತಲಿನ ಅಗಲ ಬಿಳಿ ಪಟ್ಟಿಗಳು ಬಂದದ್ದು 1945ರ ಆರಂಭದಲ್ಲಿ. ಇಂಫಾಲ ಮುತ್ತಿಗೆಯ ಕಾಲದ ವಿಮಾನಕ್ಕೆ ಅವನ್ನು ಹಾಕಬೇಡಿ.

ಡಿಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ 20 ಸೆಕೆಂಡ್ ನೆನೆಸಿ, ಒಂದು ನಿಮಿಷ ಟಿಶ್ಯೂ ಮೇಲಿಟ್ಟು, ಮೈಕ್ರೊ ಸೆಟ್ (ಡಿಕಾಲ್ ಹಿಡಿದು ಕೂರಲು ನೆರವಾಗುವ ದ್ರವ) ಹಚ್ಚಿದ ಜಾಗಕ್ಕೆ ಜಾರಿಸಿ. ಕೂತ ಮೇಲೆ ಡಿಕಾಲನ್ನು ಮೆತ್ತಗೆ ಮಾಡುವ ಮೈಕ್ರೊ ಸಾಲ್. ಈಗ ಡಿಕಾಲ್ ಸುಕ್ಕುಗಟ್ಟುತ್ತದೆ, ಗಾಬರಿಯಾಗಿ ಬೆರಳು ಹಾಕಬೇಡಿ, ಒಣಗುತ್ತಾ ತಾನೇ ಬಿಗಿಯುತ್ತದೆ. ಒಡಲಿನ ಬದಿಯ ರೌಂಡೆಲ್ ಬಟ್ಟೆಯ ಏಣುಗಳ ಮೇಲೆ ಕೂರುವುದರಿಂದ ಅಲ್ಲಿಗೆ ಎರಡು ಮೂರು ಸಲ ಸಾಲ್ ಬೇಕಾಗುತ್ತದೆ. ಮರುದಿನ ಇನ್ನೊಂದು ಕೋಟ್ ಗ್ಲಾಸ್ ಹೊಡೆದು ಡಿಕಾಲ್‌ಗಳನ್ನು ಭದ್ರಪಡಿಸಿ.

ವೆದರಿಂಗ್

ಪ್ರತಿ ಕಲೆಗೂ ಒಂದು ಕಾರಣ ಇರಬೇಕು. ಕಾರಣ ಹೇಳಲಾಗದ ಕಲೆಯನ್ನು ಹಾಕಬೇಡಿ.

ಮೊದಲು ವಾಶ್, ಅಂದರೆ ಗೆರೆಗಳಲ್ಲಿ ನೆರಳು ಕೂರಿಸುವ ತೀರಾ ತೆಳುವಾದ ಬಣ್ಣ. ಕಲಾವಿದರ ಎಣ್ಣೆಬಣ್ಣ ಬರ್ಂಟ್ ಅಂಬರ್‌ಗೆ ಸ್ವಲ್ಪ ಕಪ್ಪು ಸೇರಿಸಿ ರಟ್ಟಿನ ತುಂಡಿನ ಮೇಲೆ ಅರ್ಧ ಗಂಟೆ ಬಿಡಿ. ರಟ್ಟು ಎಣ್ಣೆ ಹೀರಿದರೆ ಬಣ್ಣ ಹೊಳಪಿಲ್ಲದೆ ಒಣಗುತ್ತದೆ. ಒಂದು ಪಾಲಿಗೆ ಹತ್ತು ಪಾಲು ವಾಸನೆ ಇಲ್ಲದ ಟರ್ಪೆಂಟೈನ್. ಲೋಹದ ಭಾಗದ ಪ್ಯಾನೆಲ್ ಗೆರೆಗಳಿಗೆ ತುದಿ ಮುಟ್ಟಿಸಿ, 20 ನಿಮಿಷದ ನಂತರ ಗಾಳಿ ಬೀಸುವ ದಿಕ್ಕಿನಲ್ಲಿ, ಅಂದರೆ ಮುಂದಿನಿಂದ ಹಿಂದಕ್ಕೆ, ಒರೆಸಿ. ಅಚ್ಚ ಕಪ್ಪು ವಾಶ್ ಹಾಕಿದರೆ ಪ್ರತಿ ತಗಡೂ ಬೇರೆ ಬೇರೆ ಕತ್ತರಿಸಿಟ್ಟಂತೆ ಕಾಣುತ್ತದೆ. ಬಟ್ಟೆಯ ಭಾಗದಲ್ಲಿ ಪ್ಯಾನೆಲ್ ಗೆರೆಯೇ ಇಲ್ಲವಾದ್ದರಿಂದ ಅಲ್ಲಿ ಇನ್ನಷ್ಟು ತೆಳುವಾದ ವಾಶ್ ಏಣುಗಳ ನಡುವೆ ನೆರಳಿನಷ್ಟು ಉಳಿದರೆ ಸಾಕು. ಟರ್ಪೆಂಟೈನ್ ಬಿಗಿದು ಅಂಟಿಸಿದ ಕೀಲುಗಳೊಳಗೆ ಇಳಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಚಕ್ರದ ಕಾಲುಗಳನ್ನು ಕೊನೆಗೆ ಉಳಿಸಿದ್ದು ಇದಕ್ಕೇ.

ಇನ್ನು ಬಣ್ಣ ಎದ್ದ ಕಲೆ. ಮೊದಲು ಲೆಕ್ಕ ಹಾಕಿ: ಮಾದರಿಯ ಮೇಲಿನ ಅರ್ಧ ಮಿ.ಮೀ. ಚುಕ್ಕೆ ನಿಜ ವಿಮಾನದಲ್ಲಿ 36 ಮಿ.ಮೀ. ಅಗಲದ ಗಾಯ. ಹಾಗಾಗಿ ಚುಕ್ಕೆಗಳು ಇನ್ನೂ ಸಣ್ಣವಿರಬೇಕು. ಸ್ಪಾಂಜಿನ ತುಣುಕನ್ನು ಚಿಮಟದಲ್ಲಿ ಹಿಡಿದು, ಅಲ್ಯೂಮಿನಿಯಂ ಬಣ್ಣದಲ್ಲಿ ಅದ್ದಿ, ಮುಕ್ಕಾಲು ಪಾಲನ್ನು ಕಾಗದದ ಮೇಲೆ ಒತ್ತಿ ತೆಗೆದು, ಉಳಿದದ್ದನ್ನು ಮಾತ್ರ ವಿಮಾನಕ್ಕೆ ಮುಟ್ಟಿಸಿ. ಎಲ್ಲೆಲ್ಲಿ? ಎಡ ರೆಕ್ಕೆಯ ಬುಡ, ಏಕೆಂದರೆ ಪೈಲಟ್ ಹತ್ತಿ ಇಳಿಯುವುದು ಎಡದಿಂದ. ಎಂಜಿನ್ ಮುಚ್ಚಳಗಳ ತಿರುಪುಗಳ ಸುತ್ತ, ಮೆಕ್ಯಾನಿಕ್ ದಿನಾ ಬಿಚ್ಚುವ ಜಾಗ ಅದು. ರೆಕ್ಕೆಯ ಮೇಲಿನ ಕ್ಯಾನನ್ ಮುಚ್ಚಳಗಳ ಅಂಚು. ರೆಕ್ಕೆಯ ಮುಂದಿನ ಅಂಚಿನಲ್ಲಿ, ಅದೂ ಪ್ರೊಪೆಲ್ಲರ್ ಕಲ್ಲು ಎರಚುವ ಒಳಭಾಗದಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ.

ಬಟ್ಟೆಯ ಭಾಗಕ್ಕೆ ಬೇರೆ ನಿಯಮ. ಹರಿದ ಬಟ್ಟೆಗೆ ತೇಪೆ ಅಂಟಿಸಿ ಡೋಪ್ ಬಳಿದು ಮೇಲೆ ಹೊಸ ಬಣ್ಣ ಹಚ್ಚುತ್ತಿದ್ದರು. ಆದ್ದರಿಂದ ಅಲ್ಲಿ ತೋರಿಸಬೇಕಾದದ್ದು ಬಾಡಿದ ಮೈಮೇಲೆ ಬಾಡದ ಬಣ್ಣದ ಒಂದು ಚೌಕ. 3ರಿಂದ 4 ಮಿ.ಮೀ. ಸಾಕು, ಒಂದು ಬದಿಗೆ ಒಂದೇ ಸಾಕು. ರಡ್ಡರ್ ಮೇಲೆ ಇಂಥದ್ದೊಂದಿದ್ದರೆ ನೂರು ಬೆಳ್ಳಿ ಚುಕ್ಕೆಗಿಂತ ಹೆಚ್ಚು ಮಾತಾಡುತ್ತದೆ. ರೋಟಾಲ್ ಪ್ರೊಪೆಲ್ಲರ್ ಅಲಗುಗಳು ಹೆಚ್ಚಾಗಿ ಮರದವು. ಅವಕ್ಕೂ ಬೆಳ್ಳಿ ಬೇಡ, ಅಂಚು ಸವೆದಂತೆ ಕಾಣಬೇಕಿದ್ದರೆ ತಿಳಿಕಂದು ಎಳೆಯಿರಿ.

ಎಕ್ಸಾಸ್ಟ್ ಹೊಗೆಯ ಕಲೆಗೆ ಕಪ್ಪು–ಕಂದು ಬಣ್ಣ ಒಂದು ಪಾಲು, ಥಿನ್ನರ್ ಒಂಬತ್ತು ಪಾಲು, ಒತ್ತಡ 8–10 ಪಿಎಸ್‌ಐ. ಕೊಳವೆಯ ಬಾಯಿಂದ ಶುರುಮಾಡಿ ರೆಕ್ಕೆಯ ಬುಡದ ಮೇಲಿನಿಂದ ಒಡಲಿನ ಬದಿಯುದ್ದಕ್ಕೂ ಹಿಂದಕ್ಕೆ, ಒಂದೊಂದೇ ಪದರವಾಗಿ. ಮೊದಲ ಎರಡು ಸಲ ಏನೂ ಕಾಣುವುದಿಲ್ಲ, ಅದು ಸರಿ. ಐದಾರನೇ ಸಲಕ್ಕೆ ಮೂಡಿದ ಮೇಲೆ ಅದರ ನಡುವೆ ಬೂದು–ಮರಳು ಬಣ್ಣದ ಸಣ್ಣ ಗೆರೆ. ಆಗಿನ ಪೆಟ್ರೋಲಿನಲ್ಲಿದ್ದ ಸೀಸದಿಂದ, ತೆಳು ಮಿಶ್ರಣದಲ್ಲಿ ಬಹಳ ಹೊತ್ತು ಹಾರಿದ ವಿಮಾನಕ್ಕೆ ಇಂಥ ತಿಳಿಬಣ್ಣದ ಕಲೆ ಕೂರುತ್ತಿತ್ತು. ಅಚ್ಚ ಕಪ್ಪು ಒಂದೇ ಇದ್ದರೆ ಎಂಜಿನ್ ಹೊತ್ತಿ ಉರಿದಂತೆ ಕಾಣುತ್ತದೆ.

ಕ್ಯಾನನ್‌ನ ಮಸಿ ಇರಬೇಕಾದದ್ದು ರೆಕ್ಕೆಯ ಕೆಳಗೆ, ಖಾಲಿ ತೋಟಾ ಬೀಳುವ ಕಿಂಡಿಗಳ ಹಿಂದೆ. ಪೆಟ್ರೋಲ್ ಟ್ಯಾಂಕ್‌ಗಳು ರೆಕ್ಕೆಯ ನಡುಭಾಗದಲ್ಲಿ ಎರಡೂ ಬದಿಗಿವೆ. ತುಂಬುವಾಗ ಚೆಲ್ಲಿದ ಪೆಟ್ರೋಲ್ ದೂಳನ್ನು ತೊಳೆದುಕೊಂಡು ಹೋಗುತ್ತದೆ, ಹಾಗಾಗಿ ಮುಚ್ಚಳದ ಹಿಂದಿನ ಪಟ್ಟಿ ಸುತ್ತಲಿಗಿಂತ ತಿಳಿಯಾಗಿ, ಅಂಚು ಮಾತ್ರ ಕಪ್ಪಾಗಿರಬೇಕು. ಎಂಜಿನ್ ಎಣ್ಣೆಯ ಟ್ಯಾಂಕ್ ಎಡ ರೆಕ್ಕೆಯ ಬುಡದ ಮುಂದಿನ ಅಂಚಿನಲ್ಲಿ. ಅಲ್ಲಿ ಮತ್ತು ಹೊಟ್ಟೆಯ ರೇಡಿಯೇಟರ್ ಹಿಂದೆ ಕಡುಕಂದು ಎಣ್ಣೆಬಣ್ಣವನ್ನು ಚುಕ್ಕೆಯಿಟ್ಟು ಒಣ ಬ್ರಷ್‌ನಿಂದ ಹಿಂದಕ್ಕೆ ಎಳೆಯಿರಿ.

ಈಗ ಮ್ಯಾಟ್ ವಾರ್ನಿಷ್. ದೂಳು ಅದರ ನಂತರ, ಏಕೆಂದರೆ ವಾರ್ನಿಷ್ ಪುಡಿಯ ಮೇಲೆ ಬಿದ್ದರೆ ಪುಡಿಯ ಬಣ್ಣ ನುಂಗಿಹೋಗುತ್ತದೆ. ಒಣ ಪ್ಯಾಸ್ಟಲ್ ಕಡ್ಡಿಯನ್ನು ವಾಟರ್ ಪೇಪರ್ ಮೇಲೆ ಉಜ್ಜಿದ ಪುಡಿಯೇ ಸಾಕು, ಓಕರ್ ಎರಡು ಪಾಲಿಗೆ ಕಂದು ಒಂದು ಪಾಲು. ಟೈರು, ಫ್ಲ್ಯಾಪ್‌ನ ಕೆಳಮೈ, ಬಾಲದ ಚಕ್ರದ ಸುತ್ತ, ಪೈಲಟ್ ಬೂಟು ಇಟ್ಟ ಎಡಬುಡ. ಮಳೆಗಾಲದ ವಿಮಾನ ಬೇಕೆಂದರೆ ಅದೇ ಪುಡಿಗೆ ಒಂದು ಹನಿ ಮ್ಯಾಟ್ ವಾರ್ನಿಷ್ ಕಲಸಿ, ಗಟ್ಟಿ ಬ್ರಷ್‌ನ ಕೂದಲನ್ನು ಹಲ್ಲುಕಡ್ಡಿಯಿಂದ ಮೀಟಿ ಫ್ಲ್ಯಾಪ್ ಕೆಳಗೆ ಸಿಡಿಸಿ. ಮೇಲ್ಮೈಯನ್ನು ಟಿಶ್ಯೂನಿಂದ ಮುಚ್ಚಿಕೊಳ್ಳಿ.

ಕೊನೆಯ ಜೋಡಣೆ

ಚಕ್ರದ ಕಾಲುಗಳನ್ನು ಈಗ ಅಂಟಿಸಿ ವಿಮಾನವನ್ನು ತಲೆಕೆಳಗಾಗಿಟ್ಟು ರಾತ್ರಿಯಿಡೀ ಬಿಡಿ, ಭಾರ ಬಿದ್ದರೆ ಕಾಲು ಹೊರಚಾಚುತ್ತದೆ. ಟೈರಿನ ತಳವನ್ನು 600 ನಂಬರಿನಿಂದ ಒಂದೆರಡು ಎಳೆತ ಉಜ್ಜಿ ಚಪ್ಪಟೆ ಮಾಡಿದರೆ ನೆಲದ ಮೇಲೆ ತೂಕ ಇಟ್ಟು ನಿಂತಂತೆ ಕಾಣುತ್ತದೆ. ಆಮೇಲೆ ಪ್ರೊಪೆಲ್ಲರ್, ನಳಿಗೆಗಳು, ಆಂಟೆನಾ ಕಂಬ. ಕ್ಯಾನೊಪಿಯ ಮಾಸ್ಕ್ ಕೀಳುವುದು ಎಲ್ಲಕ್ಕಿಂತ ಕೊನೆಗೆ, ಮೂಲೆಯನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ. ಚಾಕು ತಾಗಿಸಿದರೆ ಗೀರು ಬೀಳುತ್ತದೆ. ಬಣ್ಣದ ಚೂರು ಗಾಜಿನ ಮೇಲೆ ಉಳಿದರೆ ಅದೇ ಹಲ್ಲುಕಡ್ಡಿಯ ತುದಿಯನ್ನು ಆ ಬಣ್ಣದ ಥಿನ್ನರ್‌ನಲ್ಲಿ (ಎನ್‌ಸಿ ಥಿನ್ನರ್ ಅಲ್ಲ) ತೇವಮಾಡಿ ಉಜ್ಜಿ ತೆಗೆಯಿರಿ. ಶೋಕೇಸಿಗೆ ನೇರ ಬಿಸಿಲು ಬೀಳದಿರಲಿ, ಬಿದ್ದರೆ ಡಿಕಾಲ್ ಹಾಳೆಯ ಅಂಚು ವರ್ಷದೊಳಗೇ ಹಳದಿಗಟ್ಟಬಹುದು.